ಕ್ಯಾಮೆಲಾಟ್‌ನ ಕೋಟೆ, ಗ್ವೆನ್‌ಳ ಮೈಬಣ್ಣ

ಎಲ್ಲರಿಗೂ ನಮಸ್ಕಾರ. ಬ್ರಿಟನ್ನಿನ ದಂತಕಥೆಯ ರಾಜ ಆರ್ಥರ್ ಯಾರು, ಅವನ ವೀರ ಲಾನ್ಸಲಟ್ ಯಾರು ಅಂತ ಈ ಸಭೆಗೆ ಹೇಳಬೇಕಾಗಿಲ್ಲ. ಹಾಗಾಗಿ ನೇರ ಬಿಬಿಸಿಯ 'ಮರ್ಲಿನ್' ಧಾರಾವಾಹಿಗೆ ಬರುತ್ತೇನೆ. 2008ರಿಂದ 2012ರವರೆಗೆ 65 ಕಂತು ಬಂತು.

ಇದರಲ್ಲಿ ಮುಂದೆ ಆರ್ಥರ್‌ನ ರಾಣಿಯಾಗುವ ಗ್ವಿನೆವಿಯರ್, ಅಂದರೆ ಗ್ವೆನ್, ಕಮ್ಮಾರನ ಮಗಳು, ಅರಮನೆಯ ಕೆಲಸದವಳು. ಪಾತ್ರ ಮಾಡಿದ್ದು ಬಿಳಿಯಳಲ್ಲದ ನಟಿ, ಏಂಜೆಲ್ ಕೂಲ್ಬಿ. ಆ ಕಾಲದ ಬ್ರಿಟನ್ನಿನಲ್ಲಿ ಇಂಥ ರಾಣಿ ಎಲ್ಲಿದ್ದಳು ಅಂತ ಕೆಲವರು ಗೊಣಗಿದರು. ಸರಿ, ಇತಿಹಾಸವೇ ಬೇಕು ಅಂತಿಟ್ಟುಕೊಳ್ಳಿ. ಆರ್ಥರ್‌ನ ರಾಜಧಾನಿ ಕ್ಯಾಮೆಲಾಟ್ ಅಂತ ಹಿಂದೆ ಕಾಣುವ ಆ ಕೋಟೆ ಯಾವುದು? ಫ್ರಾನ್ಸಿನ ಪಿಯರ್‌ಫೋಂ. ಪಾಳು ಬಿದ್ದಿದ್ದನ್ನು 19ನೇ ಶತಮಾನದಲ್ಲಿ ಮೂರನೇ ನೆಪೋಲಿಯನ್‌ಗಾಗಿ ವಿಯೋಲೆ-ಲ-ದ್ಯುಕ್ ಎಂಬ ವಾಸ್ತುಶಿಲ್ಪಿ ತನಗೆ ತೋಚಿದ ಹಾಗೆ ಎಬ್ಬಿಸಿ ನಿಲ್ಲಿಸಿದ. ಆರ್ಥರ್ ಕಥೆಯ ಕಾಲ 5-6ನೇ ಶತಮಾನ. ಸಾವಿರದ ಮುನ್ನೂರು ವರ್ಷದ ವ್ಯತ್ಯಾಸ ಯಾರ ಕಣ್ಣಿಗೂ ಚುಚ್ಚಲಿಲ್ಲ. ನೆಲಮಾಳಿಗೆಯಲ್ಲಿ ಡ್ರ್ಯಾಗನ್ ಕೂತು ಮಾತಾಡುತ್ತದೆ, ಅದೂ ಜಾನ್ ಹರ್ಟ್ ದನಿಯಲ್ಲಿ. ಅದನ್ನೂ ಒಪ್ಪಿಕೊಂಡರು. ಹುಡುಗಿಯ ಬಣ್ಣ ಮಾತ್ರ ಚುಚ್ಚಿತು!

ಇನ್ನೊಂದು ತಮಾಷೆ. 13ನೇ ಶತಮಾನದ ಡಚ್ ಕಾವ್ಯವೊಂದರಲ್ಲಿ ಮೊರಿಯಾನ್ ಅಂತ ಕಪ್ಪು ವೀರನೇ ಇದ್ದಾನೆ, ಆರ್ಥರ್ ಸಭೆಯ ಅಗ್ಲೋವಾಲ್‌ನ ಮಗ. ಕೂಲ್ಬಿಗಿಂತ ಏಳುನೂರು ವರ್ಷ ಹಿಂದಿನವನು.

ನನ್ನ ತಕರಾರು ಬೇರೆ. ಆರ್ಥರ್‌ನ ತಂದೆ ಊಥರ್ ರಾಜ ಮಾಯಾವಿದ್ಯೆ ಮಾಡಿದವರಿಗೆ ಮರಣದಂಡನೆ ಅಂತ ಕಾನೂನು ತಂದಿದ್ದಾನೆ. ಮರ್ಲಿನ್ ಹುಟ್ಟಿನಿಂದಲೇ ಮಾಯಾವಿ. ಇರುವುದನ್ನು ಬಚ್ಚಿಟ್ಟುಕೊಂಡೇ ಆರ್ಥರ್ ಸೇವೆ ಮಾಡಬೇಕು. ತಮ್ಮ ಒಂದು ಗುಟ್ಟನ್ನು ಮನೆಯವರಿಂದಲೂ ಮುಚ್ಚಿಟ್ಟು ಬದುಕಿದವರು, ಅದರಲ್ಲೂ ಸಲಿಂಗಿ ಪ್ರೇಕ್ಷಕರು, ಈ ಪಾತ್ರವನ್ನು ಹಚ್ಚಿಕೊಂಡಿದ್ದು ಸುಮ್ನೆ ಅಲ್ಲ.

ಐದನೇ ಸೀಸನ್ನಿನ ಡಿಸಿರ್ ಕಂತು ನೆನಪಿದೆಯಲ್ವಾ? ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಕ್ಷಮಿಸಿ. ಆರ್ಥರ್‌ನ ನೈಟ್ ಮೊರ್ಡ್ರೆಡ್ ಸಾಯುತ್ತಿದ್ದಾನೆ. ಮಾಯಾವಿದ್ಯೆಯ ಹಳೆಯ ಧರ್ಮವನ್ನು ಒಪ್ಪಿಕೋ, ಅವನು ಉಳಿಯುತ್ತಾನೆ ಅಂತ ಆರ್ಥರ್‌ಗೆ ಹೇಳುತ್ತಾರೆ ಗುಹೆಯ ಮೂವರು ಹೆಂಗಸರು. ರಾತ್ರಿ ಕಾಡಿನಲ್ಲಿ ಆರ್ಥರ್ ತನ್ನ ಆಳನ್ನು ಕೇಳುತ್ತಾನೆ: ನಾನೇನು ಮಾಡಲಿ? ಮರ್ಲಿನ್ ಕಾದಿದ್ದು ಇದೇ ಗಳಿಗೆಗೆ. ಹೂಂ ಅಂದರೆ ಸಾಕು, ತನ್ನವರೆಲ್ಲ ತಲೆಯೆತ್ತಿ ಓಡಾಡಬಹುದು. ಆದರೆ ಮೊರ್ಡ್ರೆಡ್ ಬದುಕಿದರೆ ಆರ್ಥರ್‌ನನ್ನು ಕೊಲ್ಲುತ್ತಾನೆ ಅಂತ ಮರ್ಲಿನ್‌ಗೆ ಗೊತ್ತು. ಕಣ್ಣು ತುಂಬಿಕೊಂಡು ಹೇಳುತ್ತಾನೆ, ಕ್ಯಾಮೆಲಾಟ್‌ನಲ್ಲಿ ಮಾಯಾವಿದ್ಯೆಗೆ ಜಾಗವಿಲ್ಲ ಅಂತ. ವಾಪಸ್ ಬಂದು ನೋಡಿದರೆ ಮೊರ್ಡ್ರೆಡ್ ಗಟ್ಟಿಮುಟ್ಟಾಗಿ ಎದುರಿಗೇ ನಿಂತಿದ್ದಾನೆ!

ಅದ್ಭುತ ಬರವಣಿಗೆ, ಒಪ್ಪುತ್ತೇನೆ. ಆದರೆ ಇಡೀ ಧಾರಾವಾಹಿಯ ಒಲವು ಎತ್ತ ಅನ್ನುವುದೂ ಅಲ್ಲೇ ಬಯಲಾಗುತ್ತದೆ. ಒಡೆಯನ ಮೇಲಿನ ನಿಷ್ಠೆಯೇ ದೊಡ್ಡದು, ತನ್ನವರ ನ್ಯಾಯ ಆಮೇಲೆ. ಆ 'ಆಮೇಲೆ' ಬರುವುದೇ ಇಲ್ಲ. ಕೊನೆಯ ಕಂತಿನಲ್ಲಿ ಮರ್ಲಿನ್ ಗುಟ್ಟು ಹೇಳುತ್ತಾನೆ, ಆರ್ಥರ್ ಸಾಯುತ್ತಾನೆ, ಗ್ವೆನ್ ಒಬ್ಬಳೇ ಸಿಂಹಾಸನದಲ್ಲಿ ಕೂರುತ್ತಾಳೆ. ಕಾನೂನು ರದ್ದಾಗಿದ್ದನ್ನು ಮಾತ್ರ ನಮಗೆ ತೋರಿಸುವುದಿಲ್ಲ. ಪಾತ್ರ ಹಂಚುವಾಗ ಇದ್ದ ಧೈರ್ಯ ಕಥೆ ಮುಗಿಸುವಾಗ ಇರಲಿಲ್ಲ. ರಾಣಿಯ ಬಣ್ಣಕ್ಕೆ ಸಾಕ್ಷಿ ಕೇಳಿದವರು ಇದನ್ನು ಕೇಳಲಿಲ್ಲ, ಕೋಟೆಯನ್ನೂ ಕೇಳಲಿಲ್ಲ. ಕೋಟೆ ಬಿಡಿ, ಮತ್ತೆ ಅಲ್ಲಿಗೇ ಹೋದೆ.

ಚೀಟಿ ಬಂತು, ಎರಡು ನಿಮಿಷವಂತೆ. ಸಾಮಾನ್ಯರನ್ನು ಆರ್ಥರ್ ನೈಟ್ ಮಾಡಿದ ಪ್ರಸಂಗ ಬಿಡುತ್ತೇನೆ. ಊಥರ್ ಸಾಕಿ ಬೆಳೆಸಿದ ಮೊರ್ಗಾನಾ ಬಗ್ಗೆ ಒಂದೇ ಮಾತು. ಮಾಯಾವಿಗಳ ಪರ ಊಥರ್ ಎದುರು ದನಿ ಎತ್ತಿದ್ದು ಅವಳು. ಅವಳಿಗೆ ಹೆಮ್ಲಾಕ್ ವಿಷ ಕುಡಿಸಿದ್ದು ಗೆಳೆಯ ಮರ್ಲಿನ್. ಮೂರನೇ ಸೀಸನ್ನಿನಿಂದ ಖಳನಾಯಕಿಯಾದ ಅವಳಿಗೆ ಉಳಿದದ್ದು ಕೊಂಕು ನಗೆ ಮಾತ್ರ. ಹಾಗಾದರೆ ಅವಳು ಮೊದಲು ಕೇಳಿದ್ದು ತಪ್ಪಾ? ಪ್ರಶ್ನೋತ್ತರದಲ್ಲಿ ನೀವೇ ಹೇಳಿ. ಮೈಕು ಅತ್ತ ಕೊಡಿ.