ಹುಬ್ಬಳ್ಳಿಯಷ್ಟೇ ದೂರ, ಆದರೆ 28 ಗಂಟೆ ಪ್ರಯಾಣ!

[ದೃಶ್ಯ: ಬೆಂಗಳೂರಿನ ಒಂದು ಮನೆ. ಟಿವಿಯಲ್ಲಿ ರಾಕೆಟ್, ಕೈಯಲ್ಲಿ ಊಟದ ತಟ್ಟೆ]

ನಮಸ್ಕಾರ. 2025ರ ಜೂನ್ 25, ಮಧ್ಯಾಹ್ನ 12 ಗಂಟೆ 1 ನಿಮಿಷ. ಅಮೆರಿಕದ ಫ್ಲೋರಿಡಾದಿಂದ ಫಾಲ್ಕನ್ 9 ರಾಕೆಟ್ ಮೇಲೆದ್ದಿತು. ಅದರ ತುದಿಯಲ್ಲಿ, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟ ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ. ಮನೆಮಂದಿಯೆಲ್ಲ ಅನ್ನ ಸಾರು ಉಣ್ಣುತ್ತಾ ಲೈವ್ ನೋಡುತ್ತಿದ್ದೆವು. ಹುಬ್ಬಳ್ಳಿಯಿಂದ ಬಂದಿದ್ದ ಚಿಕ್ಕಮ್ಮ ಕೇಳಿದರು, ಆ ಬಾಹ್ಯಾಕಾಶ ನಿಲ್ದಾಣ ಎಷ್ಟು ದೂರ? ಸುಮಾರು 400 ಕಿಲೋಮೀಟರ್ ಎತ್ತರದಲ್ಲಿದೆ ಎಂದೆ. ಯಾವಾಗ ಮುಟ್ಟುತ್ತಾರೆ? ನಾಳೆ ಸಂಜೆ ನಾಲ್ಕಕ್ಕೆ.

"ಅಯ್ಯ, ಅಷ್ಟ ದೂರಕ್ಕ ನಾ ರಾತ್ರಿ ಬಸ್ ಹತ್ತಿದ್ರ ಮುಂಜಾನೆ ಮೆಜೆಸ್ಟಿಕ್‌ನ್ಯಾಗ ಇರ್ತೀನಿ!"

ನಾನು ನಕ್ಕೆ. ಆಮೇಲೆ ಯೋಚಿಸಿದರೆ, ಪ್ರಶ್ನೆ ಸರಿಯಾಗೇ ಇದೆ ಅಲ್ವಾ?

[ದೃಶ್ಯ: ಭೂಮಿ, ಅದರ ಸುತ್ತ ಎರಡು ವೃತ್ತಗಳು]

ನಿಜ ಹೇಳಬೇಕೆಂದರೆ ಮೇಲೆ ಹೋಗೋದು ಬೇಗ ಮುಗಿಯಿತು. ಹತ್ತೇ ನಿಮಿಷದಲ್ಲಿ ಶುಕ್ಲಾ ಕೂತಿದ್ದ ಡ್ರ್ಯಾಗನ್ ನೌಕೆ ಸುಮಾರು 200 ಕಿಲೋಮೀಟರ್ ಎತ್ತರದಲ್ಲಿ ಭೂಮಿಯನ್ನು ಸುತ್ತುತ್ತಿತ್ತು. ತೊಂದರೆ ಏನೆಂದರೆ, ನಿಲ್ದಾಣ ಹುಬ್ಬಳ್ಳಿಯ ಹಾಗೆ ಒಂದೇ ಕಡೆ ಕೂತಿರುವುದಿಲ್ಲ. ಅದು ಸೆಕೆಂಡಿಗೆ ಸುಮಾರು ಏಳೂವರೆ ಕಿಲೋಮೀಟರಿಗಿಂತ ಜಾಸ್ತಿ ವೇಗದಲ್ಲಿ ಓಡುತ್ತಿರುತ್ತದೆ. ಸಿಲ್ಕ್ ಬೋರ್ಡ್‌ನಿಂದ ಕೆ.ಆರ್.ಪುರ ಸುಮಾರು 17 ಕಿಲೋಮೀಟರ್. ಅಲ್ಲಿ ನಾವು ಸಂಜೆ ಎಷ್ಟು ಹೊತ್ತು ಕಳೆಯುತ್ತೇವೆ ಅನ್ನೋದು ಬೇಡ ಬಿಡಿ. ನಿಲ್ದಾಣಕ್ಕೆ ಅದು ಎರಡು ಸೆಕೆಂಡು ಚಿಲ್ಲರೆಯ ದಾರಿ. ಒಂದೂವರೆ ಗಂಟೆಗೆ ಇಡೀ ಭೂಮಿಗೆ ಒಂದು ಸುತ್ತು.

ಅಂದರೆ ಇದು ಊರಿಗೆ ಹೋಗುವ ಕೆಲಸ ಅಲ್ಲ, ಓಡುವ ಬಸ್ಸನ್ನು ಇನ್ನೊಂದು ಬಸ್ಸಿನಿಂದ ಹಿಡಿಯುವ ಕೆಲಸ. ಇಲ್ಲಿ ಒಂದು ವಿಚಿತ್ರ ಇದೆ. ಮುಂದಿರುವ ನಿಲ್ದಾಣವನ್ನು ಹಿಡಿಯಬೇಕು ಎಂದು ಸುಮ್ನೆ ಎಂಜಿನ್ ಜೋರು ಮಾಡಿದರೆ ಏನಾಗುತ್ತದೆ? ನೌಕೆ ಮೇಲಕ್ಕೆ ಏರಿ ದೊಡ್ಡ ಸುತ್ತಿಗೆ ಬೀಳುತ್ತದೆ. ದೊಡ್ಡ ಸುತ್ತಿಗೆ ಹೊತ್ತು ಜಾಸ್ತಿ, ಹಾಗಾಗಿ ಇನ್ನೂ ಹಿಂದೆ ಉಳಿಯುತ್ತದೆ!

ದೇವಸ್ಥಾನದ ಪ್ರದಕ್ಷಿಣೆ ನೆನಪಿಸಿಕೊಳ್ಳಿ. ಗರ್ಭಗುಡಿಗೆ ಅಂಟಿಕೊಂಡು ಸುತ್ತುವವರು ಹೊರಗಿನ ಪ್ರಾಕಾರದಲ್ಲಿ ಸುತ್ತುವವರಿಗಿಂತ ಬೇಗ ಮುಗಿಸುತ್ತಾರೆ. ಕಕ್ಷೆಯಲ್ಲೂ ಹಾಗೇ. ಇನ್ನೊಂದು ಅನುಕೂಲವೂ ಉಂಟು: ಕೆಳಗಿನ ಕಕ್ಷೆಯಲ್ಲಿ ವೇಗವೇ ಹೆಚ್ಚು. 200 ಕಿಲೋಮೀಟರ್ ಎತ್ತರದಲ್ಲಿ ಒಂದು ಸುತ್ತಿಗೆ ಸುಮಾರು 88 ನಿಮಿಷ, 400ರಲ್ಲಿ 92ಕ್ಕೂ ಸ್ವಲ್ಪ ಜಾಸ್ತಿ. ಸುತ್ತಿಗೆ ನಾಲ್ಕು ನಿಮಿಷ ಲಾಭ. ಹೀಗೆ ಕೆಳಗೆ ಸುತ್ತುತ್ತಾ ಅಂತರ ಕಡಿಮೆ ಮಾಡಿಕೊಂಡು, ಲೆಕ್ಕ ಹಾಕಿದ ಜಾಗದಲ್ಲಿ ಎಂಜಿನ್ ಉರಿಸಿ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಬೇಕು. ಹೊರಟ ಹೊತ್ತಿಗೆ ನಿಲ್ದಾಣ ಎಲ್ಲಿರುತ್ತದೆ ಎಂಬುದರ ಮೇಲೆ ಪ್ರಯಾಣದ ಅವಧಿ ನಿಂತಿದೆ. 2020ರಲ್ಲಿ ರಷ್ಯಾದ ಸೋಯುಜ್ ನೌಕೆಯೊಂದು ಮೂರು ಗಂಟೆ ಚಿಲ್ಲರೆಯಲ್ಲೇ ಮುಟ್ಟಿತ್ತು. ಶುಕ್ಲಾ ಅವರಿಗೆ 28 ಗಂಟೆ ಹಿಡಿಯಿತು.

[ದೃಶ್ಯ: ನೌಕೆ ನಿಲ್ದಾಣದ ಹತ್ತಿರ ಬರುತ್ತದೆ]

ಕೊನೆಗೆ ಎಲ್ಲವೂ ತೀರಾ ನಿಧಾನ. ಎರಡೂ ಬಂದೂಕಿನ ಗುಂಡಿಗಿಂತ ವೇಗವಾಗಿ ಹಾರುತ್ತಿವೆ, ಆದರೆ ಒಂದಕ್ಕೊಂದು ಹತ್ತಿರವಾಗುವುದು ಆಮೆ ನಡಿಗೆಯಲ್ಲಿ. ಜೂನ್ 26ರ ಸಂಜೆ 4 ಗಂಟೆ 1 ನಿಮಿಷಕ್ಕೆ ನಿಲ್ದಾಣದ ಹಾರ್ಮನಿ ಎಂಬ ಭಾಗಕ್ಕೆ ನೌಕೆ ಕೂಡಿಕೊಂಡಿತು. ಆದರೂ ಬಾಗಿಲು ತೆರೆಯಲಿಲ್ಲ. ಕೊಕ್ಕೆಗಳು ಬಿಗಿಯಾಗಬೇಕು, ಗಾಳಿ ಸೋರುತ್ತಿದೆಯೇ ನೋಡಬೇಕು. ಅದಕ್ಕೇ ಸುಮಾರು ಎರಡು ಗಂಟೆ. ಬಾಗಿಲಲ್ಲಿ ನೆಂಟರು, ಒಳಗೆ ಚಿಲಕ ತೆಗೆಯುತ್ತಾ ಇಲ್ಲ!

ಈ ಯಾನದ ಹೆಸರು ಆಕ್ಸಿಯಂ-4. ನಾಯಕಿ ಪೆಗ್ಗಿ ವಿಟ್ಸನ್, ಪೈಲಟ್ ಶುಕ್ಲಾ, ಜೊತೆಗೆ ಪೋಲೆಂಡ್ ಮತ್ತು ಹಂಗೇರಿಯ ಒಬ್ಬೊಬ್ಬರು. 1984ರಲ್ಲಿ ರಾಕೇಶ್ ಶರ್ಮಾ ಸೋವಿಯತ್ ನಿಲ್ದಾಣ ಸಲ್ಯೂತ್-7ಕ್ಕೆ ಹೋಗಿ ಬಂದ 41 ವರ್ಷದ ಮೇಲೆ ಮತ್ತೆ ಒಬ್ಬ ಭಾರತೀಯ. ಶುಕ್ಲಾ ಲಕ್ನೋದವರು. ಆದರೆ ಎಂ.ಟೆಕ್ ಓದಿದ್ದು ನಮ್ಮ ಟಾಟಾ ಇನ್ಸ್‌ಟಿಟ್ಯೂಟ್‌ನಲ್ಲಿ, ಅಂದರೆ ಬೆಂಗಳೂರಿನ ಐಐಎಸ್‌ಸಿಯಲ್ಲಿ, ಗಗನಯಾನದ ತರಬೇತಿಯ ಒಂದು ಭಾಗ ನಡೆದದ್ದೂ ಇಲ್ಲೇ. ಹಾಗಾಗಿ ಅರ್ಧ ನಮ್ಮವರೇ ಎಂದು ನನ್ನ ವಾದ.

ಅಲ್ಲಿ ತೇಲುತ್ತಾರಲ್ಲ, ಭೂಮಿಯ ಸೆಳೆತ ಇಲ್ಲದ್ದಕ್ಕೆ ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಅದು ತಪ್ಪು. ಆ ಎತ್ತರದಲ್ಲೂ ಸುಮಾರು ಶೇ. 90ರಷ್ಟು ಸೆಳೆತ ಇದೆ. ನಿಲ್ದಾಣ ಸದಾ ಬೀಳುತ್ತಲೇ ಇರುತ್ತದೆ, ಆದರೆ ಎಷ್ಟು ಜೋರಾಗಿ ಮುಂದಕ್ಕೆ ಓಡುತ್ತದೆ ಎಂದರೆ ಭೂಮಿ ಕೆಳಗೆ ಬಾಗಿಹೋಗುತ್ತದೆ, ನೆಲ ಸಿಗುವುದೇ ಇಲ್ಲ. ಒಳಗಿದ್ದವರೂ ಅದರ ಜೊತೆಗೇ ಬೀಳುತ್ತಿರುತ್ತಾರೆ.

[ದೃಶ್ಯ: ಅಡುಗೆಮನೆ, ಬಟ್ಟೆಯಲ್ಲಿ ಕಟ್ಟಿದ ಮೊಳಕೆ ಕಾಳು]

ಚಿಕ್ಕಮ್ಮನಿಗೆ ಖುಷಿಯಾದದ್ದು ಬೇರೆಯದೇ ವಿಷಯಕ್ಕೆ. ಭಾರತದಿಂದ ಹೋದ ಏಳು ಪ್ರಯೋಗಗಳಲ್ಲಿ ಒಂದು ಧಾರವಾಡದ್ದು! ಅಲ್ಲಿನ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ ಸೇರಿ ಹೆಸರುಕಾಳು, ಮೆಂತ್ಯ ಕಳಿಸಿದ್ದವು. ಶುಕ್ಲಾ ಅವನ್ನು ಮೊಳಕೆ ಬರಿಸಿ ಫ್ರೀಜರಿನಲ್ಲಿಟ್ಟರು. ತೂಕವೇ ಇಲ್ಲದ ಕಡೆ ಮೊಳೆತ ಕಾಳಿನ ಪೋಷಕಾಂಶ ಬದಲಾಗುತ್ತದೆಯೇ, ಅದರ ಮೇಲೆ ಬೆಳೆಯುವ ಸೂಕ್ಷ್ಮಜೀವಿಗಳು ಬೇರೆಯೇ ಎಂದು ನೋಡುವ ಕೆಲಸ ಇದು. ದೂರದ ಯಾನಗಳಲ್ಲಿ ತಾಜಾ ಊಟ ಬೇಕೆಂದರೆ ಮೊಳಕೆಗಿಂತ ಸುಲಭ ಯಾವುದಿದೆ? ಒಲೆ ಬೇಡ, ಮಣ್ಣೂ ಬೇಡ. ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆ ಸ್ನಾಯುಗಳ ಬಗ್ಗೆ ಪ್ರಯೋಗ ಕಳಿಸಿತ್ತು. ಮೇಲೆ ಸ್ನಾಯು ಬೇಗ ಸೊರಗುತ್ತದೆ, ಅದೂ ದೊಡ್ಡ ತಲೆನೋವು.

ನಿಲ್ದಾಣದಲ್ಲಿ 18 ದಿನ ಇದ್ದು, ಜುಲೈ 15ರಂದು ನಾಲ್ವರೂ ಕ್ಯಾಲಿಫೋರ್ನಿಯಾ ಬಳಿ ಸಮುದ್ರಕ್ಕೆ ಇಳಿದರು.

[ದೃಶ್ಯ: ಟೆರೇಸ್, ಕತ್ತಲಾಗುತ್ತಿದೆ]

ಆ ದಿನಗಳಲ್ಲಿ ನಿಲ್ದಾಣ ನೋಡಲು ನಾನು ಮೂರು ಸಲ ಟೆರೇಸ್ ಹತ್ತಿದೆ. ಮೂರೂ ಸಲ ಮೋಡ. ಬೆಂಗಳೂರಿನ ಜುಲೈ, ಇನ್ನೇನು? ಕೊನೆಗೆ ಚಳಿಗಾಲದಲ್ಲಿ ಚಿಕ್ಕಮ್ಮ ಮತ್ತೆ ಬಂದಾಗ ಸಿಕ್ಕಿತು. ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೆ, ಅಥವಾ ಬೆಳಗಾಗುವ ಮುಂಚೆ ನೋಡಬೇಕು. ನಮಗೆ ಕತ್ತಲು, ಅದಕ್ಕಿನ್ನೂ ಬಿಸಿಲು, ಹಾಗಾಗಿ ಹೊಳೆಯುತ್ತದೆ. ಮಿನುಗುವುದಿಲ್ಲ, ವಿಮಾನದಂತೆ ದೀಪ ಮಿಟುಕಿಸುವುದೂ ಇಲ್ಲ. ಸುಮ್ನೆ ಜಾರಿಕೊಂಡು ಹೋಗುತ್ತದೆ. ಯಾವ ದಿನ, ಯಾವ ದಿಕ್ಕು ಎಂದು ನಾಸಾದ ಸ್ಪಾಟ್ ದಿ ಸ್ಟೇಷನ್ ಆ್ಯಪ್ ತಿಳಿಸುತ್ತದೆ.

ಐದು ನಿಮಿಷದಲ್ಲಿ ಅದು ಪಕ್ಕದ ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕ್ ಹಿಂದೆ ಮರೆಯಾಯಿತು. ಚಿಕ್ಕಮ್ಮ ಇನ್ನೂ ಅತ್ತಲೇ ನೋಡುತ್ತಿದ್ದರು. "ಒಂದೂವರೆ ತಾಸಿಗೆ ಮತ್ತ ಬರತೈತಲ್ಲ, ನಿಂದ್ರೂಣೇನು?"

ಅಷ್ಟು ಹೊತ್ತಿಗೆ ಅದೂ ಭೂಮಿಯ ನೆರಳಿಗೆ ಹೋಗಿರುತ್ತದೆ, ಕಾಣುವುದಿಲ್ಲ ಎಂದೆ. ಆದರೂ ಸ್ವಲ್ಪ ಹೊತ್ತು ನಿಂತೆವು.