ಮಗು ಕೊಟ್ಟ ಬಿಸ್ಕತ್ತು ತಿನ್ನಿ ಸ್ವಾಮಿ!

ನಮಸ್ಕಾರ ಎಲ್ಲರಿಗೂ. ಇವತ್ತು ಬೇರೆ ವಿಷಯ ಮಾತಾಡ್ಬೇಕಿತ್ತು, ಸ್ಕ್ರಿಪ್ಟೂ ರೆಡಿ ಇತ್ತು. ಆದ್ರೆ ಹೋದ ವಿಡಿಯೋದಲ್ಲಿ ನಾನು, ಮಕ್ಕಳಿಗೆ ಕಳೆಯೋ ಲೆಕ್ಕಾನ ಅವರ ಕೈಯಲ್ಲಿರೋದನ್ನ ಬೇರೆಯವರಿಗೆ ಕೊಡಿಸಿ ಕಲಿಸಿ ಅಂದಿದ್ದೆ. ಅದರ ಕೆಳಗೆ ಒಬ್ಬ ಮಹಾನುಭಾವರು ಕಾಮೆಂಟ್ ಹಾಕಿದಾರೆ. ಓದ್ತೀನಿ, ಕೇಳಿ: "ಲೆಕ್ಕಾನ ಲೆಕ್ಕದ ಥರ ಕಲಿಸಿ. ಕೊಡೋ ಬುದ್ಧಿ ಎಲ್ಲಾ ಮನೇಲಿ ಅಜ್ಜಿ ಕಲಿಸ್ತಾರೆ."

ಅಜ್ಜಿ ಕಲಿಸ್ತಾರೆ! ಸರಿ, ಏನು ಕಲಿಸ್ತಾರೆ ನೋಡೇಬಿಡೋಣ. ಮಗು ಕೈಯಲ್ಲಿ ಐದು ಬಿಸ್ಕತ್ತು. ಅಜ್ಜಿ ಕೈ ಚಾಚಿ "ನಂಗೊಂದು ಕೊಡೋ ಕಂದಾ" ಅಂತಾರೆ. ಮಗು ಬಿಸ್ಕತ್ತು ನೋಡುತ್ತೆ, ಅಜ್ಜಿ ಮುಖ ನೋಡುತ್ತೆ, ಇರೋದರಲ್ಲಿ ತುದಿ ಮುರಿದಿರೋದನ್ನ ಆರಿಸಿ, ದೊಡ್ಡ ಮನಸ್ಸು ಮಾಡಿ ಕೊಡುತ್ತೆ. ಅಜ್ಜಿ "ಆಮ್ ಆಮ್" ಅಂತ ಸುಮ್ನೆ ಬಾಯಾಡಿಸಿ, "ಎಷ್ಟು ಜಾಣ ನನ್ನ ಬಂಗಾರ! ತಗೋ, ನೀನೇ ತಿನ್ನು" ಅಂತ ವಾಪಸ್ ಕೊಟ್ಟುಬಿಡ್ತಾರೆ.

ಈಗ ಹೇಳಿ. ಐದಿತ್ತು, ಒಂದು ಕೊಡ್ತು, ಉಳಿದಿದ್ದು ಐದು. 5 − 1 = 5! ಜೊತೆಗೆ, ಕೊಟ್ಟಂಗೆ ಮಾಡಿದ್ರೆ ಸಾಕು, ಹೊಗಳಿಕೆನೂ ಸಿಗುತ್ತೆ, ಬಿಸ್ಕತ್ತೂ ಉಳಿಯುತ್ತೆ ಅಂತ ಮಗುಗೆ ಗೊತ್ತಾಯ್ತು. ಅಲ್ಲಿಗೆ ಗಣಿತಾನೂ ಹೋಯ್ತು, ಗುಣಾನೂ ಹೋಯ್ತು.

ಅದಕ್ಕೇ ನಾನು ಹೇಳೋದು: ಮಗು ಕೊಟ್ಟಿದ್ದನ್ನ ತಿನ್ನಿ. ವಾಪಸ್ ಕೊಡಬೇಡಿ.

ಸ್ಕೂಲಲ್ಲಿ ಕಲಿಸಲ್ವಾ ಅಂತೀರಾ? ಕಲಿಸ್ತಾರೆ. ಮರದ ಮೇಲೆ ಐದು ಹಕ್ಕಿ, ಎರಡು ಹಾರಿಹೋದ್ವು. ಆರು ಬಲೂನು, ಎರಡು ಒಡೆದ್ವು. ನಾಲ್ಕು ಲಾಡು, ಒಂದನ್ನ ಇಲಿ ತಿಂತು. ಎಲ್ಲಾ ಕಡೆ ಮಗು ಸುಮ್ನೆ ನಿಂತು ನೋಡ್ಬೇಕು. ಅದರ ಕೈಯಿಂದ ಏನೂ ಆಗೋದೇ ಇಲ್ಲ. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ಬಗ್ಗೆ ನನಗೆ ಗೌರವ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹರಡಿದ ಪದ್ಧತಿ ಅದು. ಮಕ್ಕಳು ಕಡ್ಡಿ, ಬೀಜ, ಕಲ್ಲು ಕೈಯಲ್ಲಿ ಹಿಡಿದು ಎಣಿಸೋದು ಒಳ್ಳೇದೇ. ಆದ್ರೆ ಹುಣಸೆ ಬೀಜ ಕೊಡೋಕೆ ಯಾವ ಮಗೂಗೂ ಹೊಟ್ಟೆ ಉರಿಯಲ್ಲ ಸ್ವಾಮಿ! ಬಿಸ್ಕತ್ತು ಕೊಡೋವಾಗ ಉರಿಯುತ್ತೆ. ಆ ಉರಿಯಲ್ಲೇ ಮಗು "ಈಗ ನನ್ನ ಹತ್ರ ಎಷ್ಟು ಉಳೀತು?" ಅಂತ ತಾನಾಗೇ ಎಣಿಸುತ್ತೆ. ನೀವು ಎಣಿಸು ಅಂತ ಹೇಳ್ಬೇಕಾಗೇ ಇಲ್ಲ.

ಇದು ನನ್ನ ಹುಚ್ಚು ಅಂತ ಅಂದ್ಕೊಳ್ಳೋರಿಗೆ ಒಂದು ಅಂಕಿ. ಹಳ್ಳಿ ಮಕ್ಕಳ ಓದು, ಲೆಕ್ಕ ಪರೀಕ್ಷಿಸೋ ಅಸರ್ ಅನ್ನೋ ಸಮೀಕ್ಷೆಯ 2024ರ ವರದಿ ಪ್ರಕಾರ ಗ್ರಾಮೀಣ ಭಾರತದಲ್ಲಿ ಮೂರನೇ ಕ್ಲಾಸಿನ ಮಕ್ಕಳಲ್ಲಿ ಕಳೆಯೋ ಲೆಕ್ಕನಾದ್ರೂ ಮಾಡಬಲ್ಲವರು 33.7%. ಅಂದ್ರೆ ಮೂವರಲ್ಲಿ ಒಬ್ಬರು. 2022ರಲ್ಲಿ 25.9% ಇತ್ತು, ಅದಕ್ಕೆ ಹೋಲಿಸಿದ್ರೆ ವಾಸಿ. ಅಲ್ಲಿ ಕೊಡೋದು ಎರಡಂಕಿಯ, ದಶಕ ಬಿಡಿಸಬೇಕಾದ, ಅಂದ್ರೆ ಒಂದು ಹತ್ತನ್ನ ಹತ್ತು ಬಿಡಿ ಮಾಡ್ಕೊಂಡು ಕಳೀಬೇಕಾದ ಲೆಕ್ಕ. ಅದನ್ನ ನಾವು ಹೇಗೆ ಕಲಿತ್ವಿ? "ಪಕ್ಕದ ಮನೆಯಿಂದ ಸಾಲ ತಗೋ." ಆ ಸಾಲ ತೀರಿಸೋದು ಯಾವಾಗ ಅಂತ ಯಾವ ಮೇಷ್ಟ್ರೂ ಹೇಳ್ಲಿಲ್ಲ! ವಾಪಸ್ ಕೊಡಬೇಕಾದ ಸಾಲ ಕೊಡಲ್ಲ, ಕೊಡಬಾರದ ಬಿಸ್ಕತ್ತು ಕೊಡ್ತೀವಿ. ಅದರ ಬದಲು ಮಗು ಕೈಗೆ ಮೂರು ಹತ್ತರ ನೋಟು, ಎರಡು ಒಂದು ರೂಪಾಯಿ ಕಾಯಿನ್ ಕೊಡಿ. "ಅಕ್ಕಂಗೆ ಏಳು ರೂಪಾಯಿ ಕೊಡಪ್ಪ" ಅನ್ನಿ. ತಾನೇ ಒಂದು ನೋಟು ಹಿಡ್ಕೊಂಡು "ಅಮ್ಮ, ಚಿಲ್ಲರೆ ಕೊಡು" ಅಂತ ಬರುತ್ತೆ. ಹತ್ತು ಕಾಯಿನ್ ಸಿಕ್ಕಿ ಹನ್ನೆರಡಾಯ್ತು, ಏಳು ಅಕ್ಕಂಗೆ ಹೋಯ್ತು, ಐದುಳೀತು, ನೋಟು ಎರಡು. ಇಪ್ಪತ್ತೈದು. ಮುಗೀತು. ಆಮೇಲೆ ಆ ಏಳು ರೂಪಾಯಿನ ಅಕ್ಕ ಖರ್ಚು ಮಾಡ್ಲಿ. ಸಂಜೆ ಯಾರಿಗೂ ಗೊತ್ತಿಲ್ಲದಂಗೆ ತಮ್ಮನ ಗೋಲಕಕ್ಕೆ ಹಾಕಬೇಡಿ!

ಹಾ, ನಡುವೆ ಒಂದು ಮಾತು. ಇಂಥ ಲೆಕ್ಕಗಳ ಪಿಡಿಎಫ್ ಮಾಡಿದೀನಿ, ಲಿಂಕ್ ಕೆಳಗಿದೆ, 49 ರೂಪಾಯಿ. "ಕೊಡೋ ಬಗ್ಗೆ ಭಾಷಣ ಮಾಡಿ ನೀವು ತಗೋತೀರಲ್ಲ" ಅಂತ ಕಾಮೆಂಟ್ ಬರುತ್ತೆ, ಗೊತ್ತು. ನೂರರಲ್ಲಿ 49 ಕಳೆದ್ರೆ ಎಷ್ಟು ಅಂತ ಮಗೂನ ಕೇಳಿ. ಅಲ್ಲೇ ಒಂದು ಲೆಕ್ಕ ಫ್ರೀ.

ಇನ್ನೊಬ್ಬರು ಟೀಚರ್ ಅಂತೆ, ಬರೆದಿದಾರೆ: ವ್ಯವಕಲನ ಅಂದ್ರೆ ತೆಗೆಯೋದು ಮಾತ್ರ ಅಲ್ಲ, ಎರಡು ಗುಂಪಿನ ವ್ಯತ್ಯಾಸ ಕಂಡುಹಿಡಿಯೋದೂ ಹೌದು, ಅದನ್ನ ಕೊಡೋದರಿಂದ ಕಲಿಸೋಕಾಗಲ್ಲ ಅಂತ. ಆಗಲ್ವಾ ಮೇಡಂ? ಅಣ್ಣನ ಹತ್ರ ಎಂಟು ಗೋಲಿ, ತಂಗಿ ಹತ್ರ ನಾಲ್ಕು. "ಇಬ್ಬರಿಗೂ ಸಮ ಆಗ್ಬೇಕು, ಕೊಡು" ಅನ್ನಿ. ನಾಲ್ಕು ಜಾಸ್ತಿ ಇದೆ ಅಂತ ಅಣ್ಣ ನಾಲ್ಕೂ ಎತ್ತಿ ಕೊಡ್ತಾನೆ. ಈಗ ತಂಗಿ ಹತ್ರ ಎಂಟು, ಅವನ ಹತ್ರ ನಾಲ್ಕು. ಅವನ ಮುಖ ನೋಡ್ಬೇಕು ಆಗ! ವ್ಯತ್ಯಾಸ ನಾಲ್ಕಾದ್ರೂ ಕೊಡಬೇಕಾಗಿದ್ದು ಎರಡೇ ಯಾಕೆ? ತಾನು ಒಂದು ಕೊಟ್ರೆ ತನಗೆ ಒಂದು ಕಮ್ಮಿ, ಅವಳಿಗೆ ಒಂದು ಜಾಸ್ತಿ, ಅಂತರ ಎರಡು ಇಳಿಯುತ್ತೆ. ಇದನ್ನ ಬೋರ್ಡ್ ಮೇಲೆ ಬರೆದು ಅರ್ಥ ಮಾಡಿಸಿ ನೋಡೋಣ. ಆದ್ರೆ ತಂಗಿ ಕೈಯಿಂದ ಗೋಲಿ ಕಿತ್ತು ಅಣ್ಣಂಗೆ ವಾಪಸ್ ಕೊಡೋ ಹಾಗಿಲ್ಲ. ಜಾಸ್ತಿ ಕೊಟ್ನಾ, ಕೊಟ್ಟಾಯ್ತು.

ಮಗು ಎಣಿಕೆ ಕಲಿತಿದೆಯಾ ಅಂತ ಪರೀಕ್ಷೆ ಮಾಡೋಕೆ ಕಾರೆನ್ ವಿನ್ ಅನ್ನೋ ಮನಃಶಾಸ್ತ್ರಜ್ಞೆ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಏನು ಮಾಡಿದ್ರು ಗೊತ್ತಾ? "ಮೂರು ಆಟಿಕೆ ಕೊಡು" ಅಂದ್ರು. ಕೊಡು! ಒಂದರಿಂದ ಹತ್ತು ಬಾಯಿಪಾಠ ಒಪ್ಪಿಸೋ ಮಗು, ಮೂರು ಕೊಡು ಅಂದಾಗ ಸಿಕ್ಕಷ್ಟು ಬಾಚಿ ಕೊಡುತ್ತೆ. ಸಂಖ್ಯೆ ನಿಜವಾಗಿ ತಲೆಗೆ ಹೋಗಿದೆಯಾ ಅನ್ನೋದು ಕೊಡೋ ಕೈಯಲ್ಲೇ ಗೊತ್ತಾಗೋದು.

ನಮ್ಮವರದ್ದೂ ಹೇಳ್ಲಾ? 9ನೇ ಶತಮಾನ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲ. ಮಹಾವೀರಾಚಾರ್ಯರ ಗಣಿತಸಾರಸಂಗ್ರಹದಲ್ಲಿ ಮಾವಿನಹಣ್ಣಿನ ಒಂದು ಲೆಕ್ಕ ಇದೆ. ರಾಶಿಯಲ್ಲಿ ಆರನೇ ಒಂದು ಭಾಗ ರಾಜಂಗೆ, ಉಳಿದಿದ್ದರಲ್ಲಿ ಐದನೇ ಒಂದು ರಾಣಿಗೆ, ಆಮೇಲೆ ಉಳಿದುಳಿದಿದ್ದರಲ್ಲಿ ನಾಲ್ಕನೇ ಒಂದು, ಮೂರನೇ ಒಂದು, ಅರ್ಧ, ಮೂವರು ರಾಜಕುಮಾರರಿಗೆ. ಕೊನೇ ಮಗಂಗೆ ಉಳಿದ ಮೂರು. ಒಟ್ಟು ಎಷ್ಟು? ಹದಿನೆಂಟು. ಹದಿನೆಂಟು, ಹದಿನೈದು, ಹನ್ನೆರಡು, ಒಂಬತ್ತು, ಆರು, ಮೂರು. ಎಲ್ಲರಿಗೂ ಸರಿಯಾಗಿ ಮೂರು ಮೂರು! ರಾಜ "ಪುಟ್ಟಾ, ನನ್ನದೂ ನೀನೇ ತಿನ್ನು" ಅಂತ ವಾಪಸ್ ಕೊಟ್ಟಿದ್ರೆ ಈ ಲೆಕ್ಕ ಕೂತ್ಕೊಳ್ತಿತ್ತಾ? ಅಲ್ಲಿ ತಗೊಂಡಿದಾರೆ, ಕೊಟ್ಟಿಲ್ಲ ಅಂತ ತಕರಾರು ಎತ್ತಬೇಡಿ. ಮಾವಿನಹಣ್ಣು ಹೋಯ್ತಾ? ಹೋಯ್ತು. ವಾಪಸ್ ಬಂತಾ? ಇಲ್ಲ. ಅಷ್ಟೇ ನನ್ನ ಪಾಯಿಂಟು.

"ಮಗು ಕೊಡಲ್ಲ ಅಂದ್ರೆ?" ಕೊಡದೇ ಇರ್ಲಿ! ಬೈಯಬೇಡಿ, ಕಿತ್ಕೋಬೇಡಿ. 5 − 0 = 5. ಸೊನ್ನೆ ಕಳೆಯೋದನ್ನ ಕಲಿಸೋಕೆ ಇದಕ್ಕಿಂತ ಒಳ್ಳೇ ಪಾಠ ಎಲ್ಲಿದೆ? ಅದು ಪ್ರಾಮಾಣಿಕ ಐದು. ಅಜ್ಜಿ ಐದು ಕಳ್ಳಲೆಕ್ಕ.

ಹಬ್ಬದಲ್ಲೂ ಅದೇ ಮೋಸ. ಸಂಕ್ರಾಂತಿಗೆ ಮಗಳನ್ನ ಹತ್ತು ಪೊಟ್ಟಣ ಕೊಟ್ಟು ಎಳ್ಳು ಬೀರೋಕೆ ಕಳಿಸ್ತೀರಿ, ಹತ್ತು ಪೊಟ್ಟಣ ವಾಪಸ್ ಬರುತ್ತೆ, ಕಬ್ಬು, ಸಕ್ಕರೆ ಅಚ್ಚು ಬೇರೆ. ಕೊಟ್ಟಷ್ಟೂ ಜಾಸ್ತಿ ಆಗುತ್ತೆ ಅಂತ ಅವಳು ಅಂದ್ಕೊಂಡ್ರೆ ತಪ್ಪೇನು? ಎರಡು ಚೀಲ ಕೊಟ್ಟು ಕಳಿಸಿ, ಬೀರೋದಕ್ಕೊಂದು, ಬಂದಿದ್ದಕ್ಕೊಂದು. ಬರ್ತ್‌ಡೇಗೆ ಕ್ಲಾಸಲ್ಲಿ ಚಾಕ್ಲೇಟ್ ಹಂಚೋದು ಇದಕ್ಕಿಂತ ವಾಸಿ. ಐವತ್ತು ಚಾಕ್ಲೇಟಿನ ಪ್ಯಾಕೆಟ್ಟು, ಮಕ್ಕಳಿಗೆ ಒಂದೊಂದು, ಮಿಸ್‌ಗೆ ಎರಡು. ಆದ್ರೆ ಆ ಮಿಸ್ಸು ಒಂದನ್ನ "ನೀನಿಟ್ಕೋ ಚಿನ್ನ" ಅಂತ ವಾಪಸ್ ಕೊಡ್ತಾರಲ್ಲ! ತಿನ್ನಿ ಮಿಸ್! ದಯವಿಟ್ಟು ತಿನ್ನಿ!

ಶುಗರ್ ಇದೆ ಅಂತೀರಾ? ಜೇಬಿಗೆ ಹಾಕ್ಕೊಳ್ಳಿ. ಹಲ್ಲಿಲ್ಲ ಅಂತೀರಾ? ಕಾಫಿಗೆ ಅದ್ದಿ. "ಮಗು ಕೈಯಲ್ಲಿ ಇರೋದನ್ನ ತಿನ್ನೋಕೆ ನಾಚಿಕೆ ಆಗಲ್ವಾ" ಅಂತ ಒಬ್ಬರು ಈಗಾಗ್ಲೇ ಕೇಳಿದಾರೆ. ಆಗಲ್ಲ. ಕ್ರೀಮ್ ಬಿಸ್ಕತ್ತಾದ್ರೆ ಒಂಚೂರೂ ಆಗಲ್ಲ. ಎಂಜಲು ಅಂತ ಇನ್ನೊಬ್ಬರು. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ, ತಿನ್ನಿ ಅಷ್ಟೇ.

ಸರಿ, ಟೈಮ್ ಆಯ್ತು. ಸ್ಕ್ರಿಪ್ಟಲ್ಲಿ ಇನ್ನೂ ಎರಡು ಪಾಯಿಂಟ್ ಇತ್ತು, ಬಿಡಿ, ಅವೂ ಇದೇ. ಲೈಕ್ ಮಾಡಿ, ಸಬ್‌ಸ್ಕ್ರೈಬ್ ಮಾಡಿ, ಫ್ಯಾಮಿಲಿ ಗ್ರೂಪಿಗೆ ಹಾಕಿ, ಅಜ್ಜಿ ಇರೋ ಗ್ರೂಪಿಗೇ ಹಾಕಿ. ಮುಂದಿನ ವಾರ ಗುಣಾಕಾರ. ಮಗ್ಗಿ ಬಾಯಿಪಾಠ ಬೇಕಾ ಬೇಡ್ವಾ ಅಂತ ಜಗಳ ಆಡೋಣ, ಬನ್ನಿ.