ಹುಳು ನೋಡುತ್ತೀರಿ, ಪಾಸ್‌ಬುಕ್ ನೋಡುವುದಿಲ್ಲ

ನಮಸ್ಕಾರ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಕೇಳುಗರಿಗೆಲ್ಲ ನಮಸ್ಕಾರ. ಕೊಟ್ಟಿಗೆಯಲ್ಲಿ ರೇಡಿಯೋ ಹಾಕಿಕೊಂಡು ಹಾಲು ಕರೆಯುತ್ತಿರುವವರು ಕರೆಯುತ್ತಲೇ ಕೇಳಿ, ಪರವಾಗಿಲ್ಲ. ನಾನು ಬ್ಯಾಂಕಿನಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ರಿಟೈರ್ ಆದವನು. ಉಳಿತಾಯದ ಬಗ್ಗೆ ಮಾತಾಡಿ ಅಂತ ಕರೆದಿದ್ದಾರೆ. ಉಳಿಸಿ ಅಂತ ನಾನು ಹೇಳುವುದಿಲ್ಲ, ಅದನ್ನು ನಿಮ್ಮಜ್ಜಿ ಆಗಲೇ ಹೇಳಿದ್ದಾರೆ. ನಾನು ಹೇಳುವುದು ಒಂದೇ. ವಾರಕ್ಕೊಂದು ಸಲ, ಹದಿನೈದು ನಿಮಿಷ, ನಿಮ್ಮ ದುಡ್ಡನ್ನು ನೀವು ನೋಡಿ.

"ನೋಡೋಕೆ ಇದ್ದರೆ ತಾನೇ ಸಾರ್" ಅಂತ ನಗುತ್ತೀರಿ, ಗೊತ್ತು. ಕಮ್ಮಿ ಇರುವವರೇ ಮೊದಲು ನೋಡಬೇಕು. ಜಾಸ್ತಿ ಇರುವವರಿಗೆ ನಾನೂರು ರೂಪಾಯಿ ಹೋದರೆ ಗೊತ್ತೂ ಆಗುವುದಿಲ್ಲ.

ರೇಷ್ಮೆ ಹುಳು ಸಾಕುವ ಮನೆ ನೋಡಿ. ಹುಳು ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಡುವುದು, ಮುಗಿಸಿ ಎದ್ದ ಮೇಲೆ ಆ ಮನೆಯಲ್ಲಿ ಯಾರಿಗೂ ನೆಟ್ಟಗೆ ನಿದ್ದೆ ಇರುವುದಿಲ್ಲ. ನಡುರಾತ್ರಿ ಬ್ಯಾಟರಿ ಹಿಡಿದು ಬಗ್ಗಿ ಬಗ್ಗಿ ನೋಡುತ್ತಾರೆ, ಸೊಪ್ಪು ತಿಂತಿದೆಯಾ, ಎಲ್ಲಾದರೂ ಹಾಲುತೊಂಡೆ ರೋಗ ಕಾಣಿಸಿತಾ ಅಂತ. ಇವತ್ತು ಒಂದು ಹುಳ ಕಂಡರೆ ಎತ್ತಿ ಬಿಸಾಕಬಹುದು, ನಾಲ್ಕು ದಿನ ಬಿಟ್ಟು ನೋಡಿದರೆ ಬೆಳೆಯೇ ಹೋಗಿರುತ್ತದೆ. ಇಷ್ಟು ಜೋಪಾನ ಮಾಡುವ ಮನುಷ್ಯ, ಆ ಗೂಡು ಮಾರಿ ಬಂದ ದುಡ್ಡನ್ನು ಹನ್ನೊಂದು ತಿಂಗಳು ತಿರುಗಿ ನೋಡಿರಲಿಲ್ಲ. ಸುಮ್ನೆ ಹೇಳುತ್ತಿಲ್ಲ, ನಡೆದದ್ದು.

ಡಿಸೆಂಬರ್ ತಿಂಗಳು, ಕೊರೆಯುವ ಚಳಿ. ಬ್ಯಾಂಕಿನ ಶಟರ್ ಇನ್ನೂ ಅರ್ಧ ಎತ್ತಿದೆ, ಶಿಡ್ಲಘಟ್ಟದ ಹತ್ತಿರದ ಒಬ್ಬ ರೈತರು ಮಂಕಿ ಟೋಪಿಯಲ್ಲೇ ಬಗ್ಗಿಕೊಂಡು ಒಳಗೆ ಬಂದರು. ನಲವತ್ತೈದರ ಆಸುಪಾಸು. ಬಂದವರೇ ಕೌಂಟರಿನ ಮೇಲೆ ಕೈ ಬಡಿದು, "ನನ್ನ ದುಡ್ಡು ನಿಮ್ಮ ಬ್ಯಾಂಕು ತಿಂದಿದೆ ಸಾರ್. ಅರವತ್ತೊಂದು ಸಾವಿರ ಇರಬೇಕು, ಇರೋದು 37,575" ಅಂದರು. ಕೂತ್ಕೊಳ್ಳಿ ಯಜಮಾನ್ರೇ ಅಂದೆ. ಕೂರಲಿಲ್ಲ. ಜೇಬಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದರು, ಅದರಲ್ಲಿ ಎರಡು ಪಾಸ್‌ಬುಕ್, ರಬ್ಬರ್ ಬ್ಯಾಂಡ್ ಬಿಸಿಲಿಗೆ ಕರಗಿ ರಟ್ಟಿಗೆ ಅಂಟಿಕೊಂಡಿತ್ತು. ನಮ್ಮ ಬ್ಯಾಂಕಿನದನ್ನು ಮೆಷಿನ್‌ಗೆ ಹಾಕಿದರೆ ಜನವರಿಯಿಂದ ಎಂಟ್ರಿಯೇ ಇಲ್ಲ. ಅದು ಕರ್‌ ಕರ್‌ ಅಂತ ಪುಟ ಮುಗಿಯುವವರೆಗೆ ಹೊಡೆದು ನಿಂತಿತು. ಹೊಸ ಪುಸ್ತಕ ಕೊಟ್ಟು ಮಿಕ್ಕಿದ್ದು ಹೊಡೆಸಿದೆವು.

ಇಬ್ಬರೂ ಪೆನ್ಸಿಲ್ ಹಿಡಿದು ಕೂತೆವು. (ಆಗ ಕೂತರು.) ಮೊದಲು ಸಿಕ್ಕಿದ್ದು ತಿಂಗಳು ತಿಂಗಳು 399 ರೂಪಾಯಿ ತಾನಾಗೇ ಕಟ್ ಆಗಿರುವುದು, ಹನ್ನೊಂದು ಸಲ, 4,389. ಮೆಸೇಜ್ ಬಂದಿರಲಿಲ್ವಾ ಅಂದರೆ, "ಫೋನು ಮಗನ ಹತ್ತಿರ ಇರುತ್ತೆ ಸಾರ್." ಆಮೇಲೆ 436 ರೂಪಾಯಿ, ಜೀವನ್ ಜ್ಯೋತಿ ವಿಮೆ. ಅದೇ 436 ಇನ್ನೊಂದು ಬ್ಯಾಂಕಿನ ಪಾಸ್‌ಬುಕ್ಕಿನಲ್ಲೂ ಕಟ್ ಆಗಿದೆ. ಎರಡು ಕಡೆ ಕಟ್ಟಿದರೆ ನಾಲ್ಕು ಲಕ್ಷ ಬರುತ್ತೆ ಅಂತ ಅವರ ಲೆಕ್ಕ. ಬರುವುದಿಲ್ಲ. ಒಬ್ಬರಿಗೆ ಒಂದೇ, 2 ಲಕ್ಷ, ಎರಡನೇ ಕಂತು ದಂಡ. ನಮ್ಮಲ್ಲಿದ್ದದ್ದನ್ನು ನಿಲ್ಲಿಸಿದೆ.

ಇನ್ನೂ 18,600 ಬಾಕಿ. ಅದು ಎಲ್ಲೂ ಕಾಣುತ್ತಿಲ್ಲ. ನನಗೂ ಬೆವರು ಶುರುವಾಯಿತು, ನಿಜವಾಗಿ ನಾವೇ ತಿಂದುಬಿಟ್ಟೆವೇನೋ ಅಂತ. ಅವರು ಮನೆಗೆ ಫೋನ್ ಮಾಡಿದರು. ಆ ಕಡೆಯಿಂದ ಹೆಂಡತಿ, "ಏನ್ರೀ, ತಡೀರಿ, ಕ್ಯಾಲೆಂಡರ್ ನೋಡ್ತೀನಿ" ಅಂದರು. ಆಯಮ್ಮ ಗೋಡೆಯ ಕ್ಯಾಲೆಂಡರ್‌ನಲ್ಲಿ ಹಾಲಿನ ಲೀಟರ್, ಗ್ಯಾಸ್ ಬಂದ ದಿನ, ಸಂಘದ ಕಂತು ಎಲ್ಲ ಬರೆಯುವವರು. ಎಂಟು ಹಾಳೆ ಹಿಂದಕ್ಕೆ ಮಗುಚಿ ಓದಿದರು: "ಏಪ್ರಿಲ್ ಹದಿನಾಲ್ಕು, ಗೂಡು, 18,600. ಅವತ್ತು ಮಾರ್ಕೆಟ್‌ಗೆ ಹಳೇ ಪಾಸ್‌ಬುಕ್ ಜೆರಾಕ್ಸ್ ತಗೊಂಡು ಹೋಗಿದ್ರಲ್ಲ, ಹೊಸದು ಸಿಗ್ಲಿಲ್ಲ ಅಂತ?"

ಹಳೇ ಪಾಸ್‌ಬುಕ್! ಮೂರನೇದು ಒಂದಿತ್ತು ಅನ್ನೋದೇ ಮನುಷ್ಯನಿಗೆ ಮರೆತು ಹೋಗಿತ್ತು. ಮಾರ್ಕೆಟ್‌ನವರು ಜೆರಾಕ್ಸ್‌ನಲ್ಲಿದ್ದ ಖಾತೆಗೇ ಗೂಡಿನ ದುಡ್ಡು ಹಾಕಿದ್ದರು, ಅದು ಅವರದ್ದೇ ಹಳೇ ಖಾತೆಯಲ್ಲಿ ಎಂಟು ತಿಂಗಳಿಂದ ಮಲಗಿತ್ತು. ಎರಡು ವರ್ಷ ನಾವಾಗಿ ವ್ಯವಹಾರ ಮಾಡದ ಖಾತೆ ನಿಷ್ಕ್ರಿಯ ಆಗುತ್ತದೆ, ಇದೂ ಮೊದಲೇ ಹಾಗಾಗಿತ್ತು. ದುಡ್ಡು ಒಳಗೆ ಬರುತ್ತದೆ, ಹೊರಗೆ ಬರುವುದಿಲ್ಲ. ಆ ಬ್ಯಾಂಕಿಗೆ ಹೋಗಿ ಆಧಾರ್, ಫೋಟೋ ಕೊಟ್ಟು ಎಬ್ಬಿಸಿದ ಮೇಲೆ ಸಿಕ್ಕಿತು. ಹಾಗೇ ಹತ್ತು ವರ್ಷ ಬಿಟ್ಟಿದ್ದರೆ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗಿರುತ್ತಿತ್ತು. ಆಗಲೂ ವಾಪಸ್ ಸಿಗುತ್ತದೆ, ಆದರೆ ಎಷ್ಟು ಓಡಾಟ ಹೇಳಿ.

ಆಯಮ್ಮ ಮಾಡಿದ್ದಿಷ್ಟೇ, ನೋಡಿ ಬರೆದಿಟ್ಟರು. ನೀವೂ ಅಷ್ಟೇ ಮಾಡಿ. ಭಾನುವಾರ ಸಂಜೆ ಡೈರಿಗೆ ಹಾಲು ಹಾಕಿ ಬರುತ್ತೀರಲ್ವಾ, ಕ್ಯಾನ್ ತೊಳೆದು ಬೋರಲು ಹಾಕಿದ ಮೇಲೆ ಕೂತುಬಿಡಿ. ಬೇರೆ ಟೈಮ್ ಹುಡುಕಬೇಡಿ, ಸಿಗುವುದಿಲ್ಲ. ಖಾತೆಯಲ್ಲಿ ಎಷ್ಟಿದೆ ನೋಡಿ, ಆ ಭಾನುವಾರದ ಚೌಕದಲ್ಲಿ ಬರೆಯಿರಿ. ಹೋದ ವಾರದ್ದಕ್ಕೂ ಇದಕ್ಕೂ ಯಾಕೆ ವ್ಯತ್ಯಾಸ ಅಂತ ಮನೆಯವರೆಲ್ಲ ಬಾಯಲ್ಲಿ ಹೇಳಲು ಬಂದರೆ ಮುಗಿಯಿತು. ಸ್ಮಾರ್ಟ್‌ಫೋನ್ ಇಲ್ಲದವರು ಖಾತೆಗೆ ಜೋಡಿಸಿದ ನಂಬರಿನಿಂದ ಸ್ಟಾರ್ 99 ಹ್ಯಾಷ್ ಒತ್ತಿ, ಕೀಪ್ಯಾಡ್ ಫೋನಿನಲ್ಲೂ ಬರುತ್ತದೆ. ಆ ನಂಬರು ಮಗನ ಜೇಬಿನಲ್ಲಿದ್ದರೆ ಮೊದಲು ಅದನ್ನು ಈಸ್ಕೊಳ್ಳಿ.

ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ, ಎರಡು ನಿಮಿಷ ಅಂತೆ. ಬರೆದುಕೊಂಡು ಬಂದಿದ್ದು ಇನ್ನೂ ಎರಡು ಹಾಳೆ ಇದೆ, ಇರಲಿ. ಯಾಕೆ ವಾರ, ತಿಂಗಳಿಗೊಂದು ಸಲ ಸಾಲದಾ ಅನ್ನುವವರಿಗೆ ಮಾತ್ರ ಇದು. 2017ರಲ್ಲಿ ರಿಸರ್ವ್ ಬ್ಯಾಂಕ್ ಒಂದು ನಿಯಮ ತಂದಿತು. ನಿಮ್ಮ ತಪ್ಪಿಲ್ಲದೆ ಹೊರಗಿನವರು ಯಾರೋ ದುಡ್ಡು ಹೊಡೆದರೆ, ಬ್ಯಾಂಕಿನ ಮೆಸೇಜ್ ಬಂದು ಕೆಲಸದ ಮೂರು ದಿನದೊಳಗೆ ತಿಳಿಸಿದರೆ ನಿಮಗೆ ನಷ್ಟವಿಲ್ಲ. ತಡವಾದಷ್ಟೂ ನಿಮ್ಮ ತಲೆಗೆ. ಓಟಿಪಿ ನೀವೇ ಹೇಳಿದ್ದರೆ ಮಾತು ಬೇರೆ, ಆಗ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಫೋನ್ ಮಾಡಿ. ಮೂರು ದಿನದ ಲೆಕ್ಕಕ್ಕೆ ವಾರವೇ ಜಾಸ್ತಿ, ತಿಂಗಳು ಅಂದರೆ ನಾನೇನು ಹೇಳಲಿ! ಅಡ ಇಟ್ಟ ಒಡವೆಯ ಗಡುವು, ಬೆಳೆಸಾಲ ಕಟ್ಟುವ ತಾರೀಖು, ಇವೂ ಅದೇ ಕ್ಯಾಲೆಂಡರಿಗೆ. ಬೆಳೆಸಾಲಕ್ಕೆ ಹೊತ್ತಿಗೆ ಕಟ್ಟಿದವರಿಗೇ ಬಡ್ಡಿ ರಿಯಾಯಿತಿ.

ಆ 399 ಯಾತಕ್ಕೆ ಅಂತ ಹೇಳಲೇ ಇಲ್ಲ ಅಲ್ವಾ. ಫೋನಿನಲ್ಲಿ ಇಂಗ್ಲಿಷ್ ಕಲಿಸುವ ಕ್ಲಾಸಂತೆ, ಮೊದಲ ತಿಂಗಳು ಒಂದೇ ರೂಪಾಯಿ ಅಂತ ಮಗ ಒತ್ತಿದ್ದ. ಎರಡು ದಿನ ನೋಡಿ ಬಿಟ್ಟನಂತೆ. ಅವರಪ್ಪ ಹನ್ನೊಂದು ತಿಂಗಳು ಫೀಸು ಕಟ್ಟಿದರು.

ನಮಸ್ಕಾರ.